ಶಿಲೆಯ ಋಣ

ಊರಿನ ಮುಂದೊಂದು ಕಲ್ಲನ್ನು ನೆಟ್ಟು, ಅದರಲ್ಲಿ ಒಬ್ಬನ ಹೆಸರನ್ನು ಕೊರೆಯಿಸಿದ ಮಾತ್ರದಿಂದ ಆತನಿಗೆ ನಾವು ಸಲ್ಲಿಸಬೇಕಾದ ಋಣವು ತೀರಿತೆ? ಅಥವಾ ಋಣವು ಅಂದಿನಿಂದಲೇ ಪ್ರಾರಂಭವಾಯಿತೆ? ಸ್ಮಾರಕಗಳನ್ನು ಸ್ಥಾಪಿಸುವ ದಿನ ನಮ್ಮ ಜನರು ತೋರುವ ಉತ್ಸಾಹವನ್ನೂ, ಉತ್ಸವವು ಮುಗಿದ ಬಳಿಕ ತೋರುವ ಔದಾಸೀನ್ಯವನ್ನೂ ಕಂಡವರಿಗೆ ಈ ಪ್ರಶ್ನೆಯು ಹುಟ್ಟದೆ ಇರದು. ಮೇಲ್ನೋಟಕ್ಕೆ ಇದು ಇತಿಹಾಸಜ್ಞರ ಚರ್ಚೆಗೆ ಬಿಟ್ಟ ವಿಷಯವೆಂದು ತೋರಿದರೂ, ವಿಚಾರಿಸಿ ನೋಡಿದರೆ ಗೃಹಸ್ಥನಾದ ಪ್ರತಿಯೊಬ್ಬನಿಗೂ ಸಂಬಂಧಿಸಿದ ಧರ್ಮಸೂಕ್ಷ್ಮವೊಂದು ಇದರಲ್ಲಿ ಅಡಗಿದೆ.

ಕನ್ನಡನಾಡಿನಲ್ಲಿ ವೀರಗಲ್ಲಿಲ್ಲದ ಸೀಮೆಯೇ ವಿರಳವೆನ್ನಬಹುದು. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳಿರುವುವು. ಕೆಳಗಿನದರಲ್ಲಿ ಕಾಳಗ, ನಡುವಣದರಲ್ಲಿ ಮಡಿದವನನ್ನು ಅಪ್ಸರೆಯರು ಸ್ವರ್ಗಕ್ಕೆ ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ದೇವಸನ್ನಿಧಿ, ಶಿಖರದಲ್ಲಿ ಸೂರ್ಯಚಂದ್ರರು. ಹೀಗೆ ಕಲ್ಲೇರಿದವರೆಲ್ಲರೂ ಅರಸರಲ್ಲ. ತುರುಗಳನ್ನು ಬಿಡಿಸಲು ಹೋದವರು, ಹೆಣ್ಣುಮಕ್ಕಳ ಮಾನಕ್ಕಾಗಿ ಕಾದಿದವರು, ಊರಿನ ಎಲ್ಲೆಗಾಗಿ ಪ್ರಾಣವನ್ನಿತ್ತವರು ಇವರಲ್ಲಿ ಅನೇಕರು.

ಇಲ್ಲಿ ಪೂರ್ವಪಕ್ಷಿಯು ಹೀಗೆ ಕೇಳಬಹುದು: ಸತ್ತವನು ಶಾಸನವನ್ನು ಓದುವನೆ? ಆತನಿಗೆ ಇದರಿಂದ ಆದ ಪ್ರಯೋಜನವೇನು? ಬದುಕಿರುವವರ ಪ್ರತಿಷ್ಠೆಗಲ್ಲದೆ ಇದು ಮತ್ತೇತಕ್ಕೆ?

ಇದಕ್ಕೆ ಬೇಗೂರಿನ ಕಲ್ಲೇ ಉತ್ತರವನ್ನು ಕೊಡುತ್ತದೆ. ಕ್ರಿ. ಶ. ಒಂಬತ್ತನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಆ ಶಾಸನವು, ಗಂಗರ ಕಾಲದ ನಾಗತ್ತರನ ಪರಿವಾರಕ್ಕೆ ಸೇರಿದ ಬುಟ್ಟಣಸೆಟ್ಟಿಯು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂದು ಹೇಳುತ್ತದೆ. ಇಂದು ರಾಜಧಾನಿಯಾಗಿ ಮೆರೆಯುವ ಆ ಪಟ್ಟಣದ ಹೆಸರು ಅಷ್ಟು ಪುರಾತನವೆಂದು ನಾವು ತಿಳಿದದ್ದು ಯಾವ ಚಕ್ರವರ್ತಿಯ ಪ್ರಶಸ್ತಿಯಿಂದಲೂ ಅಲ್ಲ. ಒಬ್ಬ ಪರಿವಾರದವನ ಮರಣವನ್ನು ಅವನವರು ಮರೆಯಲೊಲ್ಲದೆ ಹೋದುದರಿಂದ. ಸತ್ತವನಿಗೆ ಏನು ಸಂದಿತೋ ದೇವರೇ ಬಲ್ಲ. ನಮಗಂತೂ ಆತನಿಂದ ಬಹಳವಾಗಿ ಸಂದಿದೆ. ಕೊಡಬೇಕಾದವರು ನಾವೆಂದು ಭಾವಿಸುತ್ತೇವೆ. ವಾಸ್ತವವಾಗಿ ಪಡೆದವರು ನಾವೇ.

ಪಡೆದವನ ಕರ್ತವ್ಯವೇನೆಂಬುದನ್ನು ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು ಬಹು ಸ್ಪಷ್ಟವಾಗಿ ತಿಳಿಸುತ್ತದೆ. ಇದರ ಕಾಲವು ಕ್ರಿ. ಶ. 949-50. ತಕ್ಕೋಲದ ಯುದ್ಧದಲ್ಲಿ ಮಣಲೇರನು ತೋರಿದ ಪರಾಕ್ರಮಕ್ಕೆ ಮೆಚ್ಚಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ಬೇಡಿದುದನ್ನು ಕೊಡುವೆನೆನ್ನಲು, ಆ ವೀರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಬಳಿಕ ಆ ನಾಯಿಯು ಕಾಡುಹಂದಿಯೊಂದರೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತುವು. ಅದಕ್ಕಾಗಿ ಮಣಲೇರನು ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಕೆರೆಯ ಕೆಳಗಣ ಭೂಮಿಯನ್ನು ಬಿಟ್ಟನು. ಆ ಕಲ್ಲಿಗೆ ಪೂಜೆಯನ್ನು ಮಾಡದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪವು ತಗಲುವುದೆಂಬ ಕಟ್ಟಳೆಯೂ ಅಲ್ಲಿದೆ.

ವಾಚಕರು ಈ ಕಟ್ಟಳೆಯ ಮರ್ಮವನ್ನು ಪರ್ಯಾಲೋಚಿಸಬೇಕು. ಕಲ್ಲು ನೆಡಿಸಿದವನಿಗೆ ಶಿಲೆಯ ಬಾಳಿಕೆಯಲ್ಲಿ ಸಂದೇಹವಿರಲಿಲ್ಲ. ಮನುಷ್ಯರ ನೆನಪಿನಲ್ಲಿ ಸಂದೇಹವಿದ್ದಿತು. ಆದುದರಿಂದಲೇ ಆ ನೆನಪನ್ನು ಒಬ್ಬನ ನಿತ್ಯದ ಊಟಕ್ಕೆ ಗಂಟುಹಾಕಿದನು. ನಮ್ಮ ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಸಂಸ್ಕೃತೋಕ್ತಿಯ ತಾತ್ಪರ್ಯವೂ ಇದೇ: ಕೊಡುವುದಕ್ಕಿಂತ, ಕೊಟ್ಟುದನ್ನು ಕಾಪಾಡುವುದು ಶ್ರೇಯಸ್ಸು. ಸ್ಥಾಪನೆಯು ಒಂದು ದಿನದ ಪುಣ್ಯ, ಪಾಲನೆಯು ತಲೆಮಾರುಗಳ ವ್ರತ.

ಇಂದು ಆತಕೂರಿನ ಆ ಕಲ್ಲು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಕ್ರಿ. ಶ. 450ರ ಹಲ್ಮಿಡಿಯ ಶಾಸನವೂ ಬೇಲೂರು ತಾಲ್ಲೂಕಿನ ತನ್ನ ಊರನ್ನು ಬಿಟ್ಟು ಮೈಸೂರನ್ನು ಸೇರಿದೆ. ಇವು ಸುರಕ್ಷಿತವಾಗಿರುವುದು ಸಂತೋಷವೇ. ಆದರೆ ಊರಿನಲ್ಲೇ ಉಳಿದ ಕಲ್ಲುಗಳ ಗತಿಯೇನು? ಎಷ್ಟೋ ವೀರಗಲ್ಲುಗಳು ಮೆಟ್ಟಿಲಿಗೂ ಕಾಲುವೆಯ ಅಡ್ಡಗಲ್ಲಿಗೂ ಬಟ್ಟೆ ಒಗೆಯುವುದಕ್ಕೂ ಒದಗಿವೆ. ಮತ್ತೆ ಕೆಲವನ್ನು ಭಕ್ತಿಯೇ ಕೆಡಿಸಿದೆ. ಎಣ್ಣೆ ಸುಣ್ಣಗಳ ಲೇಪದ ಮೇಲೆ ಲೇಪವು ಕೂಡಿ ಅಕ್ಷರವು ಮುಚ್ಚಿಹೋಗಿದೆ. ಅನಾದರದಿಂದ ಹೋದರೂ ಆದರದಿಂದ ಹೋದರೂ ಹೋದ ಹೆಸರು ಮರಳಿ ಬಾರದು.

ಮತ್ತೊಂದು ಕಠಿನವಾದ ಆಕ್ಷೇಪವಿದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದುಂಟು. ಪತಿಯ ಮರಣವಾರ್ತೆಯನ್ನು ಕೇಳಿದ ದೇಕಬ್ಬೆಯು, ಬಂಧುಗಳು ತಡೆದರೂ ನಿಲ್ಲದೆ ಅಗ್ನಿಯನ್ನು ಪ್ರವೇಶಿಸಿದುದನ್ನು ಅದು ಕೊಂಡಾಡುತ್ತದೆ. ಸಹಗಮನವನ್ನು ಬ್ರಿಟಿಷರ ಆಡಳಿತದ ಬಂಗಾಳದಲ್ಲಿ 1829ರಲ್ಲಿಯೇ ನಿಷೇಧಿಸಲಾಯಿತು; ನಮ್ಮ ಮನಸ್ಸೂ ಅದನ್ನು ಒಪ್ಪದು. ಹಾಗಿರಲು ಇಂಥ ಕಲ್ಲನ್ನು ಕಾಪಾಡುವುದು ಆ ಆಚಾರವನ್ನು ಅನುಮೋದಿಸಿದಂತಾಗದೆ?

ಆಗದೆಂದೇ ನನ್ನ ಅಭಿಪ್ರಾಯ. ಕಲ್ಲನ್ನು ಕಾಯುವುದು ಬೇರೆ, ಕಲ್ಲಿನ ಮಾತಿಗೆ ತಲೆದೂಗುವುದು ಬೇರೆ. ದೇಕಬ್ಬೆಯ ಕಲ್ಲನ್ನು ಕಿತ್ತೆಸೆದರೆ ಆಚಾರದ ಕಳಂಕದೊಡನೆ ಆ ಹೆಣ್ಣುಮಗಳ ಹೆಸರೂ ಅಳಿಯುವುದು. ಒಮ್ಮೆ ಉರಿದವಳನ್ನು ಮರವೆಯಲ್ಲಿ ಎರಡನೆಯ ಸಲ ಸುಡುವುದು ಯಾವ ನ್ಯಾಯ? ಆಕೆಯನ್ನು ತಡೆಯಲೆತ್ತಿಸಿದವರ ಮಾತೂ ಅದೇ ಶಾಸನದಲ್ಲಿ ಉಳಿದಿದೆಯೆಂಬುದನ್ನು ಮರೆಯಬಾರದು. ಹೊಗಳಿಕೆಯ ನಡುವೆ ನಿಂತ ಆ ಕಣ್ಣೀರನ್ನು ಓದಬಲ್ಲವನೇ ನಿಜವಾದ ವಾಚಕನು.

ಆದುದರಿಂದ ಹೊಸ ಸ್ಮಾರಕಗಳಿಗೆ ಹಣವನ್ನು ಕೂಡಿಸುವ ಮುನ್ನ ನಮ್ಮ ನಮ್ಮ ಊರಿನ ಹಳೆಯ ಕಲ್ಲುಗಳ ಬಳಿಗೆ ಹೋಗೋಣ. ಗಿಡಗಂಟಿಗಳನ್ನು ತೆಗೆಯಿಸೋಣ, ಅಕ್ಷರಕ್ಕೆ ಪೆಟ್ಟಾಗದಂತೆ ನೋಡೋಣ, ಬಲ್ಲವರಿಂದ ಓದಿಸಿ, ಅದರ ಅರ್ಥವನ್ನು ಮನೆಯ ಮಕ್ಕಳಿಗೆ ತಿಳಿಸೋಣ. ಭೂಮಿಯನ್ನು ಉಂಬಳಿಯಾಗಿ ಪಡೆದವನು ಆತಕೂರಿನ ಗೊರವನೊಬ್ಬನೇ ಅಲ್ಲ. ಅಂದು ಕಾದವರು ಉಳಿಸಿಕೊಟ್ಟ ನೆಲದ ಅನ್ನವನ್ನು ಉಣ್ಣುತ್ತಿರುವ ನಮ್ಮೆಲ್ಲರಿಗೂ ಆ ಕಟ್ಟಳೆಯು ಸಲ್ಲುತ್ತದೆ.