ತಂದೆಗೊಂದು ಪತ್ರ, ಐದು ಅಂಕಗಳು

ಕೆಲವು ವರ್ಷಗಳ ಹಿಂದೆ, ಫೆಬ್ರವರಿ ತಿಂಗಳ ಒಂದು ಸಂಜೆ ಮಂಡಿಕಲ್ಲಿನ ಒಂದು ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಮನೆಯ ಯಜಮಾನರು ಸೇವಂತಿಗೆ ಬೆಳೆಯುವ ರೈತರು. ಅಂದಿನ ಹೂವನ್ನು ಚಿಕ್ಕಬಳ್ಳಾಪುರದ ಮಾರುಕಟ್ಟೆಗೆ ಹಾಕಿ ಆಗತಾನೇ ಹಿಂದಿರುಗಿದ್ದರು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದ ಮಗಳು ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡು, ಇಂಗ್ಲಿಷಿನಲ್ಲಿ ಏನನ್ನೋ ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. ಅದು ತಂದೆಗೆ ಬರೆಯುವ ಪತ್ರ. ತಾನು ವಿದ್ಯಾರ್ಥಿನಿಲಯದಲ್ಲಿ ಕ್ಷೇಮವಾಗಿರುವುದಾಗಿಯೂ, ಶಾಲೆಯಿಂದ ಪ್ರವಾಸ ಹೊರಟಿರುವುದಾಗಿಯೂ, ಅದಕ್ಕೆ ಅನುಮತಿ ಕೊಟ್ಟು ಹಣ ಕಳುಹಿಸಬೇಕೆಂದೂ ಅದರಲ್ಲಿತ್ತು.

“ಏನಮ್ಮಾ ಅದು? ನನಗೂ ಸ್ವಲ್ಪ ಹೇಳು” ಎಂದು ತಂದೆ ಕೇಳಿದರು.

“ಅಪ್ಪನಿಗೆ ಬರೆಯೋ ಲೆಟರ್ ಅಪ್ಪ. ಪರೀಕ್ಷೆಗೆ ಬರುತ್ತೆ.”

“ಅಪ್ಪನಿಗೆ ಏನಂತ ಬರೆದಿದ್ದೀಯ?”

ಹುಡುಗಿ ಪುಸ್ತಕ ನೋಡಿದಳು, ನನ್ನ ಮುಖ ನೋಡಿದಳು. ಬಳಿಕ ಮೆಲ್ಲಗೆ, “ಪೂರ್ತಿ ಗೊತ್ತಿಲ್ಲಪ್ಪ” ಎಂದಳು. ತಂದೆ ನಕ್ಕು ಸುಮ್ಮನಾದರು. ನನಗೆ ಮಾತ್ರ ಆ ಮಾತು ಬಹುಕಾಲ ಮನಸ್ಸಿನಲ್ಲಿ ಉಳಿಯಿತು. ಎದುರಿಗೇ ಕುಳಿತಿರುವ ತಂದೆಗೆ, ತಾನಿಲ್ಲದ ವಿದ್ಯಾರ್ಥಿನಿಲಯದಿಂದ, ತನಗೇ ಅರ್ಥವಾಗದ ಮಾತಿನಲ್ಲಿ ಮಗಳು ಪತ್ರ ಬರೆಯುತ್ತಿದ್ದಾಳೆ. ಅದನ್ನು ತಪ್ಪಿಲ್ಲದೆ ಬರೆದರೆ ನಾವು ಅವಳಿಗೆ ಅಂಕ ಕೊಟ್ಟು ಮೆಚ್ಚುತ್ತೇವೆ. ಇದು ಸರಿಯೇ?

ಆ ಬಾಲೆಯನ್ನು ದೂರುವ ಮುನ್ನ ಅವಳ ಕಷ್ಟವನ್ನು ಅರಿಯಬೇಕು. ನಮ್ಮ ಈ ಗಡಿಸೀಮೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ತೆಲುಗು ಮಾತನಾಡಿ ಬೆಳೆಯುತ್ತಾರೆ, ಕನ್ನಡದಲ್ಲಿ ಓದುತ್ತಾರೆ. ಇಂಗ್ಲಿಷ್ ಅವರಿಗೆ ಪಠ್ಯಪುಸ್ತಕದ ಹೊರಗೆ ಕಿವಿಗೆ ಬೀಳುವುದೇ ಅಪರೂಪ. ಎಸ್.ಎಸ್.ಎಲ್.ಸಿ.ಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿಗೆ ನೂರು ಅಂಕಗಳು. ಲಿಖಿತ ಪರೀಕ್ಷೆಗೆ 80, ಶಾಲೆಯಲ್ಲೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ 20. ಆ ಎಂಬತ್ತರಲ್ಲಿ ಪತ್ರಲೇಖನಕ್ಕೆ 5, ಪ್ರಬಂಧಕ್ಕೆ 4 ಅಂಕ. ಸುಳುಹುಗಳಿಂದ ಕಥೆ ಬೆಳೆಸುವುದು, ಚಿತ್ರವನ್ನು ವರ್ಣಿಸುವುದು, ಒಬ್ಬ ವ್ಯಕ್ತಿಯ ಪರಿಚಯ ಬರೆಯುವುದು ಬೇರೆ. ಬಹುಕಾಲ ಲಿಖಿತ ಪರೀಕ್ಷೆಯಲ್ಲಿ 28 ಅಂಕ ಬಂದರೆ ತೇರ್ಗಡೆಯಾಗುತ್ತಿತ್ತು. ಹಿಂದುಳಿದ ಮಗುವಿಗೆ ಒಂದು ಪತ್ರ, ಎರಡು ಪ್ರಬಂಧ, ಒಂದು ಪದ್ಯವನ್ನು ಬಾಯಿಪಾಠ ಮಾಡಿಸಿದರೆ ಅದು ದಡ ಸೇರಬಹುದೆಂಬುದು ಶಿಕ್ಷಕರ ಲೆಕ್ಕಾಚಾರ. ಆ ಲೆಕ್ಕದಲ್ಲಿ ಕರುಣೆಯೂ ಇದೆ. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣಳಾದ ಹುಡುಗಿಯ ಓದು ಅಲ್ಲಿಗೇ ನಿಂತು, ಮದುವೆಯ ಮಾತು ಮೊದಲಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಹಾಗಾದರೆ ಅರ್ಥವರಿಯದೆ ಒಪ್ಪಿಸಿದ ಆ ಪತ್ರ ಸುಳ್ಳೇ? ಸಂತ ಅಗಸ್ಟೀನರು ಸುಳ್ಳಿನ ಬಗ್ಗೆಯೇ ಒಂದು ಗ್ರಂಥ ಬರೆದವರು. ಮನಸ್ಸಿನಲ್ಲಿ ಒಂದು, ಮಾತಿನಲ್ಲಿ ಇನ್ನೊಂದು ಇಟ್ಟುಕೊಂಡು ಇತರರನ್ನು ವಂಚಿಸಬೇಕೆಂಬ ಸಂಕಲ್ಪವೇ ಸುಳ್ಳಿನ ತಿರುಳು ಎಂಬುದು ಅವರ ವಿಚಾರ. ಈ ಅಳತೆಯಿಂದ ನೋಡಿದರೆ ನಮ್ಮ ಹುಡುಗಿ ನಿರ್ದೋಷಿ. ಅವಳಲ್ಲಿ ವಂಚನೆಯ ಸಂಕಲ್ಪವಿಲ್ಲ. ‘ನೀನು ಇಂಥ ಊರಿನ ವಿದ್ಯಾರ್ಥಿಯೆಂದು ಭಾವಿಸಿಕೊಂಡು ಬರೆ’ ಎಂದು ಪ್ರಶ್ನೆಪತ್ರಿಕೆಯೇ ಹೇಳುವಾಗ ಕಲ್ಪನೆಯ ಬರಹವೂ ಸುಳ್ಳಲ್ಲ. ಆದರೆ ಅವಳ ಮನಸ್ಸಿನಲ್ಲಿ ಬೇರೊಂದು ಮಾತಿಲ್ಲ ಎಂದಲ್ಲ. ಆ ಪತ್ರದ ಹಿಂದೆ ಅವಳ ಮನಸ್ಸೇ ಇಲ್ಲ. ನಮ್ಮನ್ನು ಕಾಡಬೇಕಾದದ್ದು ಇದು.

ಇದೇ ಅಗಸ್ಟೀನರು ‘ಕನ್ಫೆಶನ್ಸ್’ ಎಂಬ ತಮ್ಮ ಆತ್ಮಕಥನದಲ್ಲಿ ಬಾಲ್ಯದ ಶಾಲೆಯನ್ನು ನೆನೆಯುತ್ತಾರೆ. ಲ್ಯಾಟಿನ್ ಭಾಷೆಯನ್ನು ತಮ್ಮನ್ನು ಎತ್ತಿ ಆಡಿಸಿದವರ ನಗೆಮಾತುಗಳ ನಡುವೆ, ಭಯವಿಲ್ಲದೆ ಕಲಿತದ್ದಾಗಿಯೂ, ಗ್ರೀಕ್ ಭಾಷೆಯನ್ನು ಬೆದರಿಕೆ ಹಾಗೂ ದಂಡನೆಗಳಿಂದ ಹೇರಿದ್ದರಿಂದ ಅದು ತಮಗೆ ಕಹಿಯಾದದ್ದಾಗಿಯೂ ಹೇಳಿಕೊಂಡಿದ್ದಾರೆ. ಇನ್ನೊಂದು ಪ್ರಸಂಗವೂ ಅಲ್ಲಿದೆ. ಪುರಾಣದ ಜೂನೋ ದೇವತೆಯ ಕೋಪ ದುಃಖಗಳನ್ನು ತನ್ನ ಮಾತಿನಲ್ಲಿ ನುಡಿಯಬೇಕೆಂದು ಬಾಲಕನಿಗೆ ಪಾಠವಾಯಿತು. ಚೆನ್ನಾಗಿ ನುಡಿದು ಎಲ್ಲರ ಚಪ್ಪಾಳೆಯನ್ನೂ ಗಿಟ್ಟಿಸಿದ. ಮುಂದೆ ಬೆಳೆದ ಮೇಲೆ, ಆ ಚಪ್ಪಾಳೆಯೆಲ್ಲ ಬರಿಯ ಹೊಗೆ ಗಾಳಿಯಲ್ಲವೇ ಎಂದು ಅವರಿಗೆ ಅನ್ನಿಸಿತು. ಸಾವಿರದ ಆರುನೂರು ವರ್ಷಗಳ ಹಿಂದಿನ ಈ ಅಳಲು ನಮ್ಮ ಮಾರ್ಚ್ ತಿಂಗಳಿಗೂ ಸಲ್ಲುತ್ತದೆ.

ಇಲ್ಲಿ ಯಾರಾದರೂ, “ಸ್ವಾಮಿ, ಬಾಯಿಪಾಠ ತಪ್ಪೆಂದರೆ ನಾವು ದಿನವೂ ಹೇಳುವ ಪ್ರಾರ್ಥನೆಗಳೂ ಬಾಯಿಪಾಠವೇ ಅಲ್ಲವೇ?” ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬಾಯಿಪಾಠ ದೋಷವಲ್ಲ. ಎರವಲು ಪಡೆದ ಮಾತಿನೊಳಗೆ ನಮ್ಮ ನೋವು ನಲಿವುಗಳು ಮೆಲ್ಲಮೆಲ್ಲನೆ ತುಂಬಿಕೊಂಡಾಗ ಆ ಮಾತು ನಮ್ಮದೇ ಆಗುತ್ತದೆ. ಮಗುವೂ ಭಾಷೆ ಕಲಿಯುವುದು ತಾಯಿಯ ಮಾತನ್ನು ಅನುಕರಿಸಿಯೇ. ಪತ್ರದ ವಿನ್ಯಾಸ, ಸಂಬೋಧನೆ, ಮುಕ್ತಾಯಗಳನ್ನು ಕಂಠಸ್ಥ ಮಾಡಿಕೊಳ್ಳಲಿ. ಆದರೆ ಆ ಚೌಕಟ್ಟಿನೊಳಗೆ ತನ್ನದೊಂದು ಮಾತನ್ನು ಇಡಲು ಮಗುವಿಗೆ ಎಂದೂ ಅವಕಾಶ ಸಿಗದಿದ್ದರೆ ಅನುಕರಣೆ ಅಲ್ಲಿಗೇ ನಿಂತು ಗಿಣಿಪಾಠವಾಗುತ್ತದೆ.

ಅಳೆಯುವವರ ಹೊಣೆಯೂ ಸಣ್ಣದಲ್ಲ. ಒಂದು ಉತ್ತರಪತ್ರಿಕೆಯಲ್ಲಿ ಮಾರ್ಗದರ್ಶಿ ಪುಸ್ತಕದ ಪ್ರಬಂಧ ಒಂದಕ್ಷರ ತಪ್ಪದೆ ಇಳಿದಿದೆ. ಇನ್ನೊಂದರಲ್ಲಿ ಒಂದು ಮಗು ತನ್ನ ಊರಿನ ಕೊಳವೆಬಾವಿ ಬತ್ತಿದ್ದನ್ನು ತಪ್ಪುತಪ್ಪಾದ ಆರು ವಾಕ್ಯಗಳಲ್ಲಿ ಬರೆದಿದೆ. ಕೆಂಪು ಶಾಯಿ ಮೊದಲು ಓಡುವುದು ಎರಡನೆಯದರ ಮೇಲೆ. ಆಗ ಆ ಮಗು ಕಲಿಯುವ ಪಾಠ ಒಂದೇ: ನನ್ನ ಮಾತು ಬರೆದರೆ ನಷ್ಟ, ಪರರ ಮಾತು ಬರೆದರೆ ಲಾಭ. ವ್ಯಾಕರಣ ಬೇಡವೆಂದು ನಾನು ಹೇಳುತ್ತಿಲ್ಲ. ಮಗು ಏನು ಹೇಳಲು ಯತ್ನಿಸಿದೆ ಎಂಬುದನ್ನು ಮೊದಲು ಓದಿ, ಅದು ಹೇಗೆ ಹೇಳಿದೆ ಎಂಬುದನ್ನು ಅನಂತರ ತೂಗುವುದು ನ್ಯಾಯದ ಕ್ರಮ.

ಕರುಣೆಯ ಹೆಸರಿನಲ್ಲಿ ಅಂಕ ಕೂಡಿಸಿಕೊಡುವುದಕ್ಕೆ ನಮ್ಮಲ್ಲಿ ‘ಕೃಪಾಂಕ’ ಎಂಬ ಸುಂದರ ಪದವಿದೆ. 2023ರಲ್ಲಿ ಶೇಕಡಾ 83.89ರಷ್ಟಿದ್ದ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ, ಪರೀಕ್ಷಾ ಕೇಂದ್ರಗಳ ಮೇಲೆ ವೆಬ್‌ಕಾಸ್ಟಿಂಗ್ ಮೂಲಕ ಕಣ್ಣಿಟ್ಟ 2024ರಲ್ಲಿ 73.40ಕ್ಕೆ ಇಳಿಯಿತು. ಆ ವರ್ಷ ಕೃಪಾಂಕದ ಪ್ರಮಾಣವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಬಳಿಕವೂ ಬಂದ ಫಲಿತಾಂಶವದು. ಮರುವರ್ಷ ಆ ಕೃಪಾಂಕವನ್ನು ಕೈಬಿಡಲಾಯಿತು. 2025ರಲ್ಲಿ ತೇರ್ಗಡೆಯ ಮಿತಿಯನ್ನು ಶೇಕಡಾ 35ರಿಂದ 33ಕ್ಕೆ ಇಳಿಸುವ ತೀರ್ಮಾನ ಪ್ರಕಟವಾಯಿತು. ಮಕ್ಕಳು ದಾಟಬೇಕಾದ ಗೆರೆಯನ್ನು ಹೀಗೆ ಮೇಲೆ ಕೆಳಗೆ ಮಾಡುವುದರಿಂದ ಕೆಲವರಿಗೆ ಉಪಕಾರವಾದೀತು. ಆದರೆ ಅಂಕದ ಜೊತೆಗೆ ಅರಿವನ್ನು ಕೊಡಲು ಯಾವ ಸುತ್ತೋಲೆಗೂ ಸಾಧ್ಯವಿಲ್ಲ. ನಿಜವಾದ ಕೃಪೆ ಪರೀಕ್ಷೆಗೆ ಮುಂಚೆ, ವರ್ಷವಿಡೀ, ಮಗುವಿನ ಪಕ್ಕ ಕುಳಿತವರಿಂದ ಬರಬೇಕು.

ಅದು ಸಾಧ್ಯವೆಂಬುದಕ್ಕೆ ದೂರದೇಶದ ಒಂದು ನಿದರ್ಶನವಿದೆ. ಇಟಲಿಯ ಟಸ್ಕನಿ ಪ್ರಾಂತ್ಯದ ಬೆಟ್ಟಗಳ ನಡುವೆ ಬಾರ್ಬಿಯಾನ ಎಂಬ ಪುಟ್ಟ ಊರು. 1954ರಲ್ಲಿ ಅಲ್ಲಿಗೆ ಬಂದ ಡಾನ್ ಲೊರೆಂಜೊ ಮಿಲಾನಿ ಎಂಬ ಗುರುಗಳು, ಶಾಲೆಗಳು ಕೈಬಿಟ್ಟ ಬಡ ರೈತರ ಮಕ್ಕಳನ್ನು ಸೇರಿಸಿಕೊಂಡು ಪಾಠ ಆರಂಭಿಸಿದರು. ಬಡವರನ್ನು ಬಡವರಾಗಿಯೇ ಉಳಿಸುವುದು ಮಾತಿನ ಕೊರತೆ ಎಂಬುದು ಅವರ ದೃಢವಾದ ನಂಬಿಕೆ. ಪರೀಕ್ಷೆಯಲ್ಲಿ ತಮ್ಮವರನ್ನು ಅನುತ್ತೀರ್ಣಗೊಳಿಸಿದ ವ್ಯವಸ್ಥೆಯನ್ನು ಪ್ರಶ್ನಿಸಿ ಆ ಶಾಲೆಯ ಎಂಟು ಮಂದಿ ಬಾಲಕರು ಒಟ್ಟಾಗಿ ಬರೆದ ‘ಶಿಕ್ಷಕಿಗೊಂದು ಪತ್ರ’ 1967ರಲ್ಲಿ ಪ್ರಕಟವಾಗಿ, ಹಲವು ಭಾಷೆಗಳಿಗೆ ಹೋಯಿತು. ಅದೇ ವರ್ಷ ಗುರುಗಳು ತೀರಿಕೊಂಡರು. ಐವತ್ತು ವರ್ಷಗಳ ಬಳಿಕ, 2017ರಲ್ಲಿ, ಪೋಪ್ ಫ್ರಾನ್ಸಿಸ್ ಅವರ ಸಮಾಧಿಯ ಬಳಿ ಪ್ರಾರ್ಥಿಸಿದರು.

ಆ ಬಾಲಕರ ಬರವಣಿಗೆಯ ಅಭ್ಯಾಸ ಸರಳವಾದುದು. ಹೊಳೆದ ಒಂದೊಂದು ವಿಚಾರವನ್ನೂ ಒಂದೊಂದು ಚೀಟಿಯಲ್ಲಿ ಬರೆಯುವುದು. ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಒಂದೇ ಬಗೆಯವನ್ನು ಒಟ್ಟುಗೂಡಿಸುವುದು. ಕ್ರಮವಾಗಿ ಜೋಡಿಸಿ ಬರೆದು, ಎಲ್ಲರೂ ಕೇಳುವಂತೆ ಓದುವುದು. ಬೇಡವಾದ ಪದಗಳನ್ನು ತೆಗೆದು, ಅರ್ಥವಾಗದ ವಾಕ್ಯವನ್ನು ತಿದ್ದುವುದು. ಇದಕ್ಕೆ ಬೇಕಾದುದು ಕಾಗದ, ಸಮಯ ಹಾಗೂ ಕೇಳುವ ಕಿವಿ.

ಇಂಗ್ಲಿಷ್ ಬಾರದ ಹೆತ್ತವರಿಗೂ ಇಲ್ಲಿ ಕೆಲಸವಿದೆ. ಮಗು ಒಪ್ಪಿಸಿದ್ದನ್ನು ಮನೆಮಾತಿನಲ್ಲಿ ಹೇಳಿಸಿರಿ. ಹೇಳಲಾಗದಿದ್ದರೆ ಬಯ್ಯದೆ, ಮರುದಿನ ಶಿಕ್ಷಕರನ್ನು ಕೇಳಿ ಬರಲು ಹೇಳಿರಿ. ದಿನಕ್ಕೆ ನಾಲ್ಕೇ ನಾಲ್ಕು ವಾಕ್ಯ ಬರೆಯಲಿ: ಇಂದು ಹೂವಿಗೆ ಸಿಕ್ಕ ಬೆಲೆ, ರೇಷ್ಮೆಹುಳುವಿನ ಜ್ವರ, ಅಜ್ಜಿಯ ಮಂಡಿನೋವು. ಶಿಕ್ಷಕ ಬಂಧುಗಳು ಒಂದು ಸಲಕ್ಕೆ ಒಂದೇ ಬಗೆಯ ತಪ್ಪನ್ನು ತಿದ್ದಲಿ. ಆಂತರಿಕ ಮೌಲ್ಯಮಾಪನದ ಇಪ್ಪತ್ತು ಅಂಕಗಳು ಅವರ ಕೈಯಲ್ಲಿವೆ. ಅದರಲ್ಲಿ ಒಂದು ಪಾಲನ್ನಾದರೂ ಮಗುವಿನ ಸ್ವಂತ ಮಾತಿಗೆ ಮೀಸಲಿಡಬಹುದಲ್ಲವೇ?

ಅಂದು ಮಂಡಿಕಲ್ಲಿನಲ್ಲಿ ಕತ್ತಲಾಗುವ ಮುನ್ನ ನಾನು ಹುಡುಗಿಗೆ, “ನಿನ್ನ ಅಪ್ಪನಿಗೆ ನಿಜವಾಗಿ ಹೇಳಬೇಕಾದ ಒಂದು ಮಾತನ್ನು ಬರೆಯಮ್ಮ” ಎಂದೆ. ಬಹಳ ಹೊತ್ತು ಯೋಚಿಸಿ, ಎರಡು ಸಲ ಅಳಿಸಿ, ಒಂದು ವಾಕ್ಯ ಬರೆದಳು. ಕ್ರಿಯಾಪದ ತಪ್ಪಾಗಿತ್ತು. ಓದಿ ಹೇಳೆಂದಾಗ ತಲೆ ತಗ್ಗಿಸಿ, ತನ್ನದೇ ಮಾತಿನಲ್ಲಿ ಹೇಳಿದಳು: “ಅಪ್ಪ, ನಾನು ಫೇಲಾದರೂ ಓದು ಬಿಡಿಸಬೇಡ ಅಂತ ಬರೆದಿದ್ದೀನಿ.”

ತಂದೆ ಏನೂ ಉತ್ತರಿಸಲಿಲ್ಲ. ಆ ಹಾಳೆಯನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ, ದೀಪದ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆ ಒಂದು ವಾಕ್ಯಕ್ಕೆ ಐದರಲ್ಲಿ ಎಷ್ಟು ಅಂಕ ಕೊಡಬೇಕೆಂದು ನನಗೆ ಇಂದಿಗೂ ತಿಳಿಯದು. ಅವಳು ತನ್ನ ತಂದೆಗೆ ಬರೆದ ಮೊದಲ ಪತ್ರ ಅದೇ ಎಂಬುದನ್ನು ಮಾತ್ರ ಬಲ್ಲೆ.