ಪಡೆದು ಬಂದದ್ದು, ದುಡಿದು ಪಡೆದದ್ದು

1964ರ ಚಳಿಗಾಲದ ಒಲಿಂಪಿಕ್ಸ್ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ನಡೆಯಿತು. ಹಿಮದ ಮೇಲೆ ಮೈಲುಗಟ್ಟಲೆ ಸಾಗುವ ಸ್ಕೀ ಸ್ಪರ್ಧೆಗಳು ಹತ್ತಿರದ ಸೀಫೆಲ್ಡ್ ಎಂಬ ಊರಿನಲ್ಲಿದ್ದವು. ಅಲ್ಲಿ ಫಿನ್ಲೆಂಡಿನ ಈರೊ ಮ್ಯಾಂಟಿರಾಂಟ 15 ಕಿ.ಮೀ. ಸ್ಪರ್ಧೆಯನ್ನು 40 ಸೆಕೆಂಡಿಗೂ ಹೆಚ್ಚಿನ ಅಂತರದಲ್ಲಿ ಗೆದ್ದ, 30 ಕಿ.ಮೀ.ಯಲ್ಲಿ ಅಂತರ ಒಂದು ನಿಮಿಷವನ್ನೂ ದಾಟಿತು. ಎರಡರಲ್ಲೂ ಅವನ ಹಿಂದೆ ಬಂದವನು ನಾರ್ವೆಯ ಹರಾಲ್ಡ್ ಗ್ರೊನಿಂಗೆನ್. ಮೂರು ಒಲಿಂಪಿಕ್ಸ್‌ಗಳಲ್ಲಿ ಸೇರಿ ಮ್ಯಾಂಟಿರಾಂಟ ಗೆದ್ದ ಪದಕಗಳು ಏಳು, ಅದರಲ್ಲಿ ಮೂರು ಚಿನ್ನದವು.

ಅವನ ಬೆನ್ನಿಗೆ ಒಂದು ಅನುಮಾನವೂ ಅಂಟಿಕೊಂಡಿತ್ತು. ಅವನ ರಕ್ತದಲ್ಲಿ ಕೆಂಪು ಕಣಗಳು ಅತಿಯಾಗಿದ್ದವು. ಸಾಮಾನ್ಯ ಗಂಡಸಿನ 100 ಮಿ.ಲೀ. ರಕ್ತದಲ್ಲಿ 15 ಗ್ರಾಂ ಆಸುಪಾಸು ಹಿಮೋಗ್ಲೋಬಿನ್ ಇದ್ದರೆ ಇವನಲ್ಲಿ ಅದು 20 ಗ್ರಾಂ ದಾಟಿ, ಕೆಲವೊಮ್ಮೆ 23ರ ತನಕ ಹೋಗುತ್ತಿತ್ತು. ರಕ್ತಕ್ಕೆ ಏನೋ ಬೆರೆಸಿಕೊಂಡಿದ್ದಾನೆ ಎಂದು ಜನ ಆಡಿಕೊಂಡರು.

ಉತ್ತರ ಸಿಕ್ಕಿದ್ದು ಅವನು ಸ್ಪರ್ಧೆಗಳಿಂದ ನಿವೃತ್ತನಾಗಿ ಎರಡು ದಶಕ ಕಳೆದ ಮೇಲೆ. ಆಲ್ಬರ್ಟ್ ಡಿ ಲಾ ಶಾಪೆಲ್ ಎಂಬ ತಳಿವಿಜ್ಞಾನಿ ಮತ್ತು ಸಂಗಡಿಗರು ಮ್ಯಾಂಟಿರಾಂಟನ ಬಂಧುಬಳಗದ 97 ಜನರನ್ನು ಪರೀಕ್ಷಿಸಿದರು. ಅವರಲ್ಲಿ 29 ಜನರ ರಕ್ತ ಅವನ ರಕ್ತದಂತೆಯೇ ಇತ್ತು. 1993ರಲ್ಲಿ ಕಾರಣವೂ ಪ್ರಕಟವಾಯಿತು. ಕೆಂಪು ಕಣಗಳನ್ನು ತಯಾರಿಸು ಎಂದು ಮೂಳೆಮಜ್ಜೆಗೆ ಹೇಳುವ ಹಾರ್ಮೋನಿನ ಹೆಸರು ಎರಿಥ್ರೊಪೊಯೆಟಿನ್, ಚಿಕ್ಕದಾಗಿ ಇಪಿಒ. ಈ ಸಂದೇಶವನ್ನು ಸ್ವೀಕರಿಸುವ ಪ್ರೋಟೀನಿನ ಬಾಲದಲ್ಲಿ ‘ಇನ್ನು ಸಾಕು’ ಎನ್ನುವ ಒಂದು ಬ್ರೇಕ್ ಇರುತ್ತದೆ. ಈ ಕುಟುಂಬದಲ್ಲಿ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾಗಿ ಆ ಬಾಲ ತುಂಡಾಗಿತ್ತು. ಬ್ರೇಕ್ ಇಲ್ಲದ ಮಜ್ಜೆ ಕೆಂಪು ಕಣಗಳನ್ನು ತಯಾರಿಸುತ್ತಲೇ ಹೋಯಿತು. ಹಾಗೆಂದು ಇದು ರೋಗವೇನಲ್ಲ. ಮ್ಯಾಂಟಿರಾಂಟ 76 ವರ್ಷ ಬದುಕಿ 2013ರಲ್ಲಿ ತೀರಿಕೊಂಡ.

ಇದರಿಂದ ಆಗುವ ಲಾಭವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿ.ಲೀ. ಆಮ್ಲಜನಕವನ್ನು ಹೊರುತ್ತದೆ. ಅಂದರೆ ನಿಮ್ಮ ಅಥವಾ ನನ್ನ 100 ಮಿ.ಲೀ. ರಕ್ತ 20 ಮಿ.ಲೀ. ಹೊತ್ತರೆ ಅವನದು 30 ಮಿ.ಲೀ. ಹೊರಬಲ್ಲದು. ದೀರ್ಘದೂರದ ಆಟಗಳಲ್ಲಿ ಸ್ನಾಯುಗಳಿಗೆ ಆಮ್ಲಜನಕವೇ ಕೂಲಿ. ಕೂಲಿ ನಿಂತಲ್ಲಿ ಕೆಲಸವೂ ನಿಲ್ಲುತ್ತದೆ.

ನಮ್ಮಲ್ಲಿ ಒಂದು ಮಾತಿದೆ: ‘ಅದಕ್ಕೆಲ್ಲ ಪಡೆದು ಬಂದಿರಬೇಕು.’ ಪಕ್ಕದ ಮನೆಯ ಹುಡುಗಿಗೆ ರ‍್ಯಾಂಕ್ ಬಂದಾಗ, ಯಾರದೋ ಕಂಠ ಕೇಳಿ ಬೆರಗಾದಾಗ, ಅರ್ಧ ಮೆಚ್ಚುಗೆ ಅರ್ಧ ನಿಟ್ಟುಸಿರು ಬೆರೆಸಿ ಇದನ್ನು ಹೇಳುತ್ತೇವೆ. ಮ್ಯಾಂಟಿರಾಂಟ ಈ ಮಾತಿಗೆ ಅಕ್ಷರಶಃ ಸಾಕ್ಷಿ. ಅವನು ಪಡೆದು ಬಂದಿದ್ದ. ಹಾಗಾದರೆ ಸೀಫೆಲ್ಡ್‌ನ ಚಿನ್ನ ಯಾರದು? ಅವನದೋ, ಅವನ ಮೂಳೆಮಜ್ಜೆಯದೋ?

ಥಟ್ಟನೆ ಹೊಳೆಯುವ ಉತ್ತರವೊಂದಿದೆ. ದೇಹ ಪ್ರಕೃತಿ ಕೊಟ್ಟದ್ದು, ದುಡಿಮೆ ಮನುಷ್ಯನದು, ನಾವು ಗೌರವಿಸುವುದು ದುಡಿಮೆಯನ್ನು. ಇದರಲ್ಲಿ ಸತ್ಯ ಇಲ್ಲದಿಲ್ಲ. ಅದೇ ರಕ್ತವಿದ್ದ 29 ಜನರೂ ಒಲಿಂಪಿಕ್ಸ್‌ಗೆ ಹೋಗಲಿಲ್ಲ. ಮ್ಯಾಂಟಿರಾಂಟ ಹುಟ್ಟಿದ್ದು ಆರ್ಕ್ಟಿಕ್ ವೃತ್ತದ ಮೇಲೆ, ಸ್ವೀಡನ್ ಗಡಿಗೆ ತಾಗಿಕೊಂಡ ಪೆಲ್ಲೊ ಎಂಬಲ್ಲಿ, ಬಡ ಕುಟುಂಬದಲ್ಲಿ. ಅಲ್ಲಿನ ಮಕ್ಕಳಿಗೆ ಚಳಿಗಾಲದಲ್ಲಿ ಸ್ಕೀ ಎಂದರೆ ಆಟವಲ್ಲ, ಕಾಲ್ನಡಿಗೆ. ಹೆಪ್ಪುಗಟ್ಟಿದ ಕೆರೆ ದಾಟಿ ಶಾಲೆಗೆ ಹೋಗಬೇಕು. ಮುಂದೆ ಅವನು ಗಡಿ ಕಾವಲಿನ ಕೆಲಸ ಹಿಡಿದ. ಇದೇ ರಕ್ತ ಹಿಮವನ್ನೇ ಕಾಣದ ಊರಿನಲ್ಲಿ ಹುಟ್ಟಿದ್ದರೆ, ಕೆಂಪು ಮುಖದ ಒಬ್ಬ ಮನುಷ್ಯ ಬದುಕಿ ಹೋದ ಎಂದಷ್ಟೇ ಆಗುತ್ತಿತ್ತು.

ಆದರೆ ‘ದುಡಿಮೆ ನಮ್ಮದು’ ಎಂಬ ಈ ಗೆರೆ ಎಷ್ಟು ಗಟ್ಟಿ? ಕಾಲೇಜು ದಿನಗಳಲ್ಲಿ ಹಾಸ್ಟೆಲಿನ ಗೆಳೆಯನೊಬ್ಬನ ಜೊತೆ ನಾನು ಓಟ ಶುರುಮಾಡಿದ್ದೆ. ಒಂದೇ ಹೊತ್ತಿಗೆ ಏಳುತ್ತಿದ್ದೆವು, ಒಂದೇ ಮೈದಾನ, ಅಷ್ಟೇ ಸುತ್ತು, ಒಂದೇ ಮೆಸ್ಸಿನ ಊಟ. ಮೂರು ತಿಂಗಳಲ್ಲಿ ಅವನು ನನಗೆ ಒಂದು ಸುತ್ತು ಮುಂದಿದ್ದ. ಶುರುವಿನಲ್ಲಿ ನಾನೇ ತುಸು ಮುಂದಿದ್ದೆ ಎಂಬುದು ಇನ್ನೂ ನೆನಪಿದೆ; ಇಂಥದ್ದನ್ನು ಮನಸ್ಸು ಮರೆಯುವುದಿಲ್ಲ. ನೀನು ಮನಸ್ಸಿಟ್ಟು ಓಡುತ್ತಿಲ್ಲ ಎಂದು ಅವನು ನಂಬಿದ್ದ. ಕೊನೆಕೊನೆಗೆ ನಾನೂ ಅದನ್ನೇ ನಂಬಿದೆ.

ಬಹಳ ವರ್ಷಗಳ ಮೇಲೆ ‘ಹೆರಿಟೇಜ್’ ಎಂಬ ಅಧ್ಯಯನದ ಬಗ್ಗೆ ಓದಿದೆ. 1990ರ ದಶಕದಲ್ಲಿ ಕ್ಲೋಡ್ ಬುಶಾರ್ ಮತ್ತು ಸಂಗಡಿಗರು ಕೂತು ಕೆಲಸ ಮಾಡುವ, ವ್ಯಾಯಾಮದ ಅಭ್ಯಾಸವಿಲ್ಲದ ಕುಟುಂಬಗಳನ್ನು ಆರಿಸಿಕೊಂಡು, ಎಲ್ಲರಿಗೂ 20 ವಾರ ಒಂದೇ ಬಗೆಯ ಸೈಕಲ್ ತರಬೇತಿ ಕೊಟ್ಟರು. ಯಾರೂ ಕಳ್ಳಾಟ ಆಡದಂತೆ ಪ್ರತಿಯೊಬ್ಬರ ಎದೆಬಡಿತದ ಮೇಲೆ ಕಣ್ಣಿಟ್ಟಿದ್ದರು. ನಂತರ 98 ಕುಟುಂಬಗಳ 481 ಜನರ ಫಲಿತಾಂಶ ಪ್ರಕಟಿಸಿದರು. ದೇಹ ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಅಳತೆ ಸರಾಸರಿ 400 ಮಿ.ಲೀ.ನಷ್ಟು ಏರಿತ್ತು. ಆದರೆ ಕೆಲವರಲ್ಲಿ ಅದು ಒಂದು ಲೀಟರಿನಷ್ಟು ಏರಿದ್ದರೆ ಕೆಲವರಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಈ ವ್ಯತ್ಯಾಸದಲ್ಲಿ ಶೇ. 47ರವರೆಗೂ ವಂಶದಿಂದ ಬಂದದ್ದಿರಬಹುದು ಎಂದು ಅವರು ಲೆಕ್ಕ ಹಾಕಿದರು.

ಅಂದರೆ ದೇಹವಷ್ಟೇ ಅಲ್ಲ, ದುಡಿಮೆಗೆ ಸಿಗುವ ಫಲವೂ ಒಂದು ಮಟ್ಟಿಗೆ ಪಡೆದು ಬಂದದ್ದು. ಹೋಗಲಿ, ದುಡಿಯುವ ಮನಸ್ಸಾದರೂ ನಮ್ಮದೇ ಎನ್ನೋಣವೆಂದರೆ ಅಲ್ಲೂ ತೊಡಕಿದೆ. ಥಿಯೋಡೋರ್ ಗಾರ್ಲಂಡ್ ಎಂಬ ಜೀವಶಾಸ್ತ್ರಜ್ಞ ಇಲಿಗಳ ಗೂಡಿನಲ್ಲಿ ಚಕ್ರವಿಟ್ಟು, ಯಾರ ಒತ್ತಾಯವೂ ಇಲ್ಲದೆ ಹೆಚ್ಚು ಓಡುವ ಇಲಿಗಳನ್ನೇ ಆರಿಸಿ ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದ. ಅವು ಸಾಮಾನ್ಯ ಇಲಿಗಳಿಗಿಂತ ಸುಮಾರು ಮೂರು ಪಟ್ಟು ಓಡತೊಡಗಿದವು. ಓಡುವ ಹಂಬಲವೂ ರಕ್ತದಲ್ಲಿ ಹರಿದು ಬರಬಲ್ಲದು. ಮನುಷ್ಯ ಇಲಿಯಲ್ಲ, ನಿಜ. ಆದರೂ ಛಲ ಎಂಬುದು ಪೂರ್ತಿ ನನ್ನ ಸ್ವಯಾರ್ಜಿತ ಎನ್ನುವ ಧೈರ್ಯ ಇದನ್ನು ಓದಿದ ಮೇಲೆ ಉಳಿಯುವುದಿಲ್ಲ.

1991ರಲ್ಲಿ ಮೈಕೆಲ್ ಜಾಯ್ನರ್ ಎಂಬ ವೈದ್ಯವಿಜ್ಞಾನಿ ಒಂದು ಕುತೂಹಲದ ಲೆಕ್ಕ ಮಾಡಿದ. ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕ, ಅದರಲ್ಲಿ ಎಷ್ಟು ಪಾಲನ್ನು ದಣಿಯದೆ ಬಹಳ ಹೊತ್ತು ಬಳಸಬಹುದು ಎಂಬ ಮಿತಿ, ಅಷ್ಟು ಆಮ್ಲಜನಕದಲ್ಲಿ ಎಷ್ಟು ವೇಗ ಹುಟ್ಟಿಸಬಹುದು ಎಂಬ ಮಿತವ್ಯಯ: ಈ ಮೂರರಲ್ಲೂ ಅತ್ಯುತ್ತಮ ಅಳತೆಗಳು ಒಂದೇ ದೇಹದಲ್ಲಿ ಸೇರಿದರೆ ಮ್ಯಾರಥಾನ್ 1 ಗಂಟೆ 57 ನಿಮಿಷ 58 ಸೆಕೆಂಡಿನಲ್ಲಿ ಮುಗಿಯುತ್ತದೆ ಎಂದ. ಸುಂದರವಾದ ಲೆಕ್ಕ. ಆದರೆ ಅದರಲ್ಲಿ ಓಟಗಾರನ ಹೆಸರಿಗೆ ಜಾಗವಿಲ್ಲ. ಶರೀರಶಾಸ್ತ್ರ ಆಳಕ್ಕಿಳಿದಷ್ಟೂ ‘ನಾನು ಗೆದ್ದೆ’ ಎಂಬ ವಾಕ್ಯದ ‘ನಾನು’ ತೆಳುವಾಗುತ್ತಾ ಹೋಗುತ್ತದೆ.

ಈ ತೆಳುವಾಗುವಿಕೆಯನ್ನು ನ್ಯಾಯದ ಪ್ರಶ್ನೆಯಾಗಿ ಎತ್ತಿಕೊಂಡವನು ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್. 1971ರ ತನ್ನ ‘ಎ ಥಿಯರಿ ಆಫ್ ಜಸ್ಟಿಸ್’ ಗ್ರಂಥದಲ್ಲಿ ಅವನು ವಾದಿಸಿದ್ದು ಇಷ್ಟು: ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ನೈತಿಕವಾಗಿ ಅರ್ಹರಲ್ಲ, ಶ್ರಮಪಡುವ ಸ್ವಭಾವ ಕೂಡ ಬಹುಮಟ್ಟಿಗೆ ಒಳ್ಳೆಯ ಮನೆ, ಒಳ್ಳೆಯ ಸಂದರ್ಭಗಳ ಕೊಡುಗೆ. ಇದಕ್ಕೆ ರಾಬರ್ಟ್ ನೋಜಿಕ್ 1974ರಲ್ಲಿ ಎದುರುತ್ತರ ಕೊಟ್ಟ. ನನ್ನ ಪ್ರತಿಭೆಗೆ ನಾನು ಅರ್ಹನೋ ಅಲ್ಲವೋ, ಅದರ ಮೇಲೆ ನನಗೆ ಹಕ್ಕಂತೂ ಇದೆ ಎಂದ. ಇಬ್ಬರದೂ ದೊಡ್ಡ ಜಗಳ. ಆದರೆ ಆ ಜಗಳದ ನಡುವೆ ನಮಗೆ ಬೇಕಾದ ಒಂದು ಭೇದ ಸಿಗುತ್ತದೆ. ಅರ್ಹತೆ ಬೇರೆ, ಹಕ್ಕು ಬೇರೆ.

ಈ ಭೇದವನ್ನು ಒರೆಗೆ ಹಚ್ಚಲು ಮತ್ತೆ ಇಪಿಒ ಹತ್ತಿರ ಹೋಗಬೇಕು. 1980ರ ದಶಕದ ಕೊನೆಗೆ ಅದು ಮೂತ್ರಪಿಂಡ ರೋಗಿಗಳ ಪಾಲಿನ ಔಷಧವಾಗಿ ಬಂತು. ಬಹುಬೇಗ ಸೈಕಲ್ ಮತ್ತು ಸ್ಕೀ ಪಟುಗಳ ಕೈಗೂ ಸಿಕ್ಕಿತು. 1990ರಲ್ಲಿ ನಿಷೇಧ ಬಂದರೂ ಒಲಿಂಪಿಕ್ಸ್‌ನಲ್ಲಿ ಅದನ್ನು ಪತ್ತೆ ಹಚ್ಚುವ ಪರೀಕ್ಷೆ ಶುರುವಾಗಿದ್ದು 2000ದ ಸಿಡ್ನಿಯಲ್ಲಿ. ಈಗ ಯೋಚಿಸಿ. ಇಂಜೆಕ್ಷನ್ ಚುಚ್ಚಿಕೊಂಡವನು ಪಡೆಯಲು ಹೊರಟಿದ್ದು ಮ್ಯಾಂಟಿರಾಂಟನಿಗೆ ಹುಟ್ಟಿನಿಂದಲೇ ಇದ್ದದ್ದನ್ನು. ನಮ್ಮ ಕಳಕಳಿ ಸಮಾನತೆಯೊಂದೇ ಆಗಿದ್ದರೆ, ಬಡ ರಕ್ತದವರಿಗೆಲ್ಲ ಇಪಿಒ ಹಂಚಿ ಎಲ್ಲರನ್ನೂ 20 ಗ್ರಾಂಗೆ ತರುವುದೇ ನ್ಯಾಯ ಎನ್ನಬೇಕಾಗುತ್ತದೆ! ಇನ್ನೊಂದು ತಮಾಷೆ ನೋಡಿ. ಬೆಟ್ಟದ ಮೇಲೆ ವಾಸಿಸಿದರೆ ಆಮ್ಲಜನಕದ ಕೊರತೆಯಿಂದ ದೇಹ ತಾನೇ ಇಪಿಒ ಹೆಚ್ಚಿಸಿಕೊಳ್ಳುತ್ತದೆ, ಅದಕ್ಕೆ ನಿಷೇಧವಿಲ್ಲ. ಬೆಟ್ಟಕ್ಕೆ ಹೋಗದೆ, ಆಮ್ಲಜನಕ ಕಡಿಮೆ ಮಾಡಿದ ಟೆಂಟಿನಲ್ಲಿ ಮಲಗಿದರೂ ಅದೇ ಫಲ. ಅಂಥ ಟೆಂಟುಗಳನ್ನು ನಿಷೇಧಿಸಬೇಕೇ ಎಂದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ 2006ರಲ್ಲಿ ತಲೆ ಕೆಡಿಸಿಕೊಂಡಿತು. ಅದರ ನೀತಿ ಸಮಿತಿಗೆ ಇದು ಕ್ರೀಡೆಯ ಆಶಯಕ್ಕೆ ಒಗ್ಗುವುದಿಲ್ಲ ಎನಿಸಿತು. ಕೊನೆಗೆ ಸಂಸ್ಥೆ ನಿಷೇಧಿಸಲಿಲ್ಲ.

ಹುಟ್ಟು, ಬೆಟ್ಟ, ಟೆಂಟು, ಸೂಜಿ. ದಾರಿ ನಾಲ್ಕು, ತಲುಪುವ ಊರು ಒಂದೇ. ಹಾಗಿದ್ದೂ ಸೂಜಿ ಹಿಡಿದವನನ್ನು ಮಾತ್ರ ಮೋಸಗಾರ ಎನ್ನುವುದು ಏಕೆ? ಅವನ ರಕ್ತ ಕೃತಕ ಎಂಬ ಕಾರಣಕ್ಕಲ್ಲ ಎಂದು ನನಗನ್ನಿಸುತ್ತದೆ. ಅವನು ಮಾತು ಮುರಿದ ಕಾರಣಕ್ಕೆ. ಸ್ಪರ್ಧೆಯ ಗೆರೆಯ ಮೇಲೆ ನಿಂತ ಪ್ರತಿಯೊಬ್ಬರೂ ಪಕ್ಕದವನಿಗೆ ಒಂದು ಮಾತು ಕೊಟ್ಟಿರುತ್ತಾರೆ: ನಾವು ತಂದದ್ದು ಬೇರೆಬೇರೆ, ಪಾಲಿಸುವ ನಿಯಮ ಮಾತ್ರ ಒಂದೇ. ಅದನ್ನು ಗುಟ್ಟಾಗಿ ಮುರಿದವನು, ಮುರಿಯದವನಿಗೆ ಎರಡೇ ದಾರಿ ಉಳಿಸುತ್ತಾನೆ: ಸೋಲಬೇಕು, ಇಲ್ಲವೇ ತಾನೂ ರಕ್ತವನ್ನು ಮಂದವಾಗಿಸಿಕೊಂಡು ಹೃದಯವನ್ನು ಅಪಾಯಕ್ಕೆ ಒಡ್ಡಬೇಕು. ಕ್ರೀಡೆ ಎಂದೂ ಸಮಾನ ದೇಹಗಳ ಭರವಸೆ ಕೊಟ್ಟಿರಲಿಲ್ಲ. ಅದು ಕೊಟ್ಟದ್ದು ಸಮಾನ ನಿಯಮದ ಭರವಸೆ ಮಾತ್ರ. ಆದ್ದರಿಂದ ಮ್ಯಾಂಟಿರಾಂಟನ ರಕ್ತದಲ್ಲಿ ಮೋಸವಿರಲಿಲ್ಲ. ಆದರೆ 1972ರಲ್ಲಿ ಅವನ ಪರೀಕ್ಷೆಯಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಪತ್ತೆಯಾಯಿತು. ಪಡೆದು ಬಂದದ್ದರ ಬಗ್ಗೆ ಅವನನ್ನು ಯಾರೂ ದೂರುವಂತಿಲ್ಲ. ಆಂಫೆಟಮಿನ್ ವಿಷಯ ಹಾಗಲ್ಲ. ಒಬ್ಬನೇ ಮನುಷ್ಯನಲ್ಲಿ ಎರಡೂ ಇದ್ದವು ಎಂಬುದು ಈ ಕತೆಯನ್ನು ನೀತಿಕತೆಯಾಗದಂತೆ ಕಾಪಾಡಿದೆ.

ದೇಹವನ್ನು ಹಣೆಬರಹದಂತೆ ಓದುವುದರಲ್ಲಿ ಇನ್ನೊಂದು ಅಪಾಯವಿದೆ. ಅದಕ್ಕೆ ಉದಾಹರಣೆ ನಮ್ಮ ಉತ್ತರ ಕನ್ನಡದಲ್ಲೇ ಸಿಗುತ್ತದೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಅವರ ಪೂರ್ವಿಕರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಆದ್ದರಿಂದ ಇವರ ಕಾಲಿನಲ್ಲಿ ಪದಕಗಳಿವೆ ಎಂಬುದು ಅದರ ಹಿಂದಿದ್ದ ಎಣಿಕೆ. ಕೆಲವರು ಪದಕಗಳನ್ನೂ ಗೆದ್ದರು. 1990ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು, ಮಕ್ಕಳು ಊರಿಗೆ ಮರಳಿದರು. ಆ ಮಕ್ಕಳಿಗೆ ಅವಕಾಶ ಕೊಟ್ಟದ್ದು ತಪ್ಪಲ್ಲ. ಆದರೆ ಪೂರ್ವಿಕರ ಖಂಡ ನೋಡಿ ಮೊಮ್ಮಕ್ಕಳ ಎದೆಯೊಳಗಿನ ಕಸುವನ್ನು ಅಳೆಯಬಹುದೆಂಬ ನಂಬಿಕೆ ವಿಜ್ಞಾನವಲ್ಲ. ಅದು ಜಾತಿ ನೋಡಿ ಕಸುಬು ಹೇಳುವ ನಮ್ಮ ಹಳೆಯ ಚಾಳಿಗೆ ತೊಡಿಸಿದ ಟ್ರ್ಯಾಕ್ ಸೂಟು. ಮ್ಯಾಂಟಿರಾಂಟನ ರಕ್ತ ಫಿನ್ಲೆಂಡಿನವರ ರಕ್ತವಾಗಿರಲಿಲ್ಲ. ಅದು ಒಂದು ಕುಟುಂಬದ ರಕ್ತ. ಆ ಕುಟುಂಬದಲ್ಲೂ ಎಲ್ಲರದಲ್ಲ.

ಹಾಗಾದರೆ ಉಳಿಯುವುದೇನು? ಚಿನ್ನ ಅವನದೇ. ಒಪ್ಪಿದ ನಿಯಮದೊಳಗೆ ಮೊದಲು ಬಂದವನಿಗೆ ಅದರ ಮೇಲೆ ಹಕ್ಕಿದೆ, ಅದನ್ನು ಮೂಳೆಮಜ್ಜೆಗೆ ಒಪ್ಪಿಸಬೇಕಾಗಿಲ್ಲ. ಸಿಗದೇ ಇರುವುದು ಇನ್ನೊಂದು: ಗೆದ್ದವನು ಸೋತವನಿಗಿಂತ ಒಳ್ಳೆಯವನು, ಹೆಚ್ಚು ದುಡಿದವನು, ಹೆಚ್ಚು ಛಲದವನು ಎಂಬ ಪ್ರಮಾಣಪತ್ರ. ಪದಕದ ಜೊತೆ ಆ ಪತ್ರವನ್ನೂ ನಾವು ಸುಮ್ಮನೆ ಕೊಟ್ಟುಬಿಡುತ್ತೇವೆ. ಗೆದ್ದವನಿಗೆ ಅದನ್ನು ಕೊಟ್ಟಾಗ ಸೋತವನ ಕೈಗೂ ಒಂದು ಪತ್ರ ತಾನಾಗಿ ಸೇರುತ್ತದೆ: ನೀನು ಮನಸ್ಸಿಟ್ಟು ಓಡಲಿಲ್ಲ. ಸೀಫೆಲ್ಡ್‌ನಲ್ಲಿ ಎರಡು ಬಾರಿಯೂ ಎರಡನೆಯವನಾಗಿ ಬಂದ ಗ್ರೊನಿಂಗೆನ್‌ಗೆ ಯಾರಾದರೂ ಹಾಗೆ ಹೇಳಿದ್ದರೆ ಅದು ಎಷ್ಟು ದೊಡ್ಡ ಸುಳ್ಳಾಗಿರುತ್ತಿತ್ತು!

ಈಗ ಫಲಿತಾಂಶ ಬರುವ ಕಾಲಕ್ಕೆಲ್ಲ ನನಗೆ ಆ ಮೈದಾನ ನೆನಪಾಗುತ್ತದೆ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ. ಪತ್ರಿಕೆಯ ಮುಖಪುಟದಲ್ಲಿ ಸಿಹಿ ತಿನ್ನಿಸುವ ಚಿತ್ರಗಳು. ಗೆದ್ದ ಮಕ್ಕಳ ಸಂತೋಷ ಅವರ ಹಕ್ಕು. ಅವರಷ್ಟೇ ರಾತ್ರಿ ನಿದ್ದೆಗೆಟ್ಟು, ಅಷ್ಟೇ ಪುಟ ತಿರುವಿ, ಅಂಕದ ಪಟ್ಟಿಯಲ್ಲಿ ಎಲ್ಲೋ ನಡುವೆ ನಿಂತ ಮಗುವಿಗೆ ‘ಇನ್ನಷ್ಟು ಪ್ರಯತ್ನ ಹಾಕಬೇಕಿತ್ತು’ ಎನ್ನುವ ಮೊದಲು ಒಂದು ಕ್ಷಣ ತಡೆಯೋಣ. ಇಪ್ಪತ್ತು ವಾರ ಸೈಕಲ್ ತುಳಿದೂ ಇದ್ದಲ್ಲೇ ಉಳಿದವರು ತುಳಿದದ್ದು ಸುಳ್ಳಾಗಿರಲಿಲ್ಲ.

ನನ್ನ ಗೆಳೆಯ ಈಗಲೂ ಓಡುತ್ತಾನೆ. ಕಳೆದ ಸಲ ಸಿಕ್ಕಾಗ ಹೆರಿಟೇಜ್ ಅಧ್ಯಯನದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಅವತ್ತು ನೀನೂ ನನ್ನಷ್ಟೇ ಓಡಿದ್ದೆ ಅಲ್ವೇನೋ’ ಎಂದ. ಇಷ್ಟು ವರ್ಷಗಳ ಮೇಲೆ ಬಂದರೂ ನನಗೆ ಅಷ್ಟೇ ಸಾಕಾಯಿತು.