ಜಾತ್ರೆ, ರಾಜಶಾಸನ ಮತ್ತು ಹರಿಭಕ್ತರ ಕರ್ತವ್ಯ

॥ ಶ್ರೀ ಗುರುಭ್ಯೋ ನಮಃ ॥ ಹರಿಃ ಓಂ ॥



ಮಾರ್ಗಶೀರ್ಷ ಮಾಸ ಬಂದಿತೆಂದರೆ ನಮ್ಮ ರಾಮದುರ್ಗ-ಸವದತ್ತಿ ಸೀಮೆಯಲ್ಲಿ ಜಾತ್ರೆಗಳ ಕಾಲ ಮೊದಲಾಯಿತೆಂದೇ ತಿಳಿಯಬೇಕು. ಹೊಸ್ತಿಲ ಹುಣ್ಣಿಮೆಗೆ ಗೊಡಚಿಯ ಶ್ರೀ ವೀರಭದ್ರದೇವರ ಜಾತ್ರೆ; ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಗುಡ್ಡದಲ್ಲಿ ಶ್ರೀ ರೇಣುಕಾ ಯಲ್ಲಮ್ಮನ ಜಾತ್ರೆ. ಸಾಲಹಳ್ಳಿಯಂಥ ಊರುಗಳಿಂದ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು, ಹಣೆಗೆ ಭಂಡಾರ ಹಚ್ಚಿಕೊಂಡು ಹೊರಡುವರು. ಅದನ್ನು ಕಂಡು ‘ಇದು ನಮ್ಮ ಸಂಪ್ರದಾಯದ್ದಲ್ಲ’ ಎಂದು ನಮ್ಮವರಲ್ಲಿ ಕೆಲವರು ಸುಮ್ಮನಾಗುವುದುಂಟು. ಆದರೆ ಆ ತಾಯಿ ಜಮದಗ್ನಿ ಮಹರ್ಷಿಗಳ ಪತ್ನಿ. ಶ್ರೀಹರಿಯು ಪರಶುರಾಮರೂಪದಿಂದ ಪ್ರಾದುರ್ಭವಿಸಿದ್ದು ಆಕೆಯಲ್ಲಿ. ದಶಾವತಾರಗಳನ್ನು ನಿತ್ಯವೂ ಸ್ಮರಿಸುವ ನಾವು ಆ ಜಾತ್ರೆಯ ಒಳಿತು-ಕೆಡುಕು ನಮಗೆ ಸಂಬಂಧಿಸಿದ್ದಲ್ಲವೆನ್ನಲು ಬಾರದು.

ಜಾತ್ರೆಯೆಂಬುದು ‘ಯಾತ್ರಾ’ ಶಬ್ದದ ತದ್ಭವ. ಗರ್ಭಗುಡಿಯವರೆಗೆ ಬರಲಾರದವರಿಗೂ ದರ್ಶನವಾಗಲೆಂದು ಸ್ವಾಮಿಯೇ ಉತ್ಸವಮೂರ್ತಿಯಾಗಿ ಬೀದಿಗೆ ಬಿಜಯಂಗೈಯುವನು. ತೇರನ್ನು ಒಬ್ಬನೇ ಎಳೆಯಲಾರ. ಬಡಿಗನ ಕೆಲಸ, ಕಮ್ಮಾರನ ಕಬ್ಬಿಣ, ಹೂಗಾರನ ಮಾಲೆ, ರೈತನ ಧಾನ್ಯ ಎಲ್ಲವೂ ಅಲ್ಲಿ ಸೇವೆಯಾಗುತ್ತವೆ. ಊರೆಲ್ಲ ಒಂದೇ ಹಗ್ಗಕ್ಕೆ ಕೈ ಹಚ್ಚುವ ದಿನ ಅದೊಂದೇ.

ಇಂಥ ಪುಣ್ಯಕಾರ್ಯದಲ್ಲಿ ಸರಕಾರಕ್ಕೇನು ಕೆಲಸವೆಂದು ಕೆಲವರು ಕೇಳುವರು. ಪ್ರಶ್ನೆ ಸಹಜವಾದುದೇ. ಆದರೆ ಉತ್ತರವನ್ನು ಪ್ರಾಮಾಣಿಕವಾಗಿ ಕೊಡಬೇಕಾಗಿದೆ. 1959ರಲ್ಲಿ ದೇವಸ್ಥಾನಗಳಲ್ಲಿ ಪ್ರಾಣಿಬಲಿಯನ್ನು ನಿಷೇಧಿಸುವ ಕಾಯಿದೆ ನಮ್ಮ ರಾಜ್ಯದಲ್ಲಿ ಬಂದಿತು. ಯಜ್ಞದಲ್ಲಿಯೂ ಪಿಷ್ಟಪಶುವೇ ಸಾಕೆಂಬುದು ಶ್ರೀಮದಾಚಾರ್ಯರ ಪರಂಪರೆ. ಏಳು ಶತಮಾನಗಳ ಹಿಂದೆಯೇ ನಮ್ಮ ಗುರುಗಳು ತೋರಿದ ದಾರಿಯನ್ನು ನಾವು ನೆರೆಹೊರೆಯವರಿಗೆ ಪ್ರೀತಿಯಿಂದ ತಿಳಿಸಿದ್ದರೆ ಪೋಲೀಸರು ಬಂದು ತಿಳಿಸಬೇಕಾಗುತ್ತಿತ್ತೇ?

ಇದಕ್ಕಿಂತ ನೋವಿನ ವಿಷಯ ಇನ್ನೊಂದುಂಟು. ದೇವಿಯ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿ ಇದೇ ಸೀಮೆಯಲ್ಲಿ ಬಹುಕಾಲ ನಡೆಯಿತು. ಮುಂಬಯಿ ಸರಕಾರ 1934ರಲ್ಲಿ, ಕರ್ನಾಟಕ ಸರಕಾರ 1982ರಲ್ಲಿ ಅದರ ವಿರುದ್ಧ ಕಾಯಿದೆ ಮಾಡಿದವು. ಶಾಸ್ತ್ರದೃಷ್ಟಿಯಿಂದ ವಿಚಾರಿಸಿರಿ. ಶ್ರೀಹರಿಯೊಬ್ಬನೇ ಸ್ವತಂತ್ರ; ಉಳಿದುದೆಲ್ಲ ಪರತಂತ್ರ. ತನ್ನದಾದುದನ್ನು ಮಾತ್ರವೇ ದಾನ ಮಾಡಲು ಬರುತ್ತದೆ. ಒಂದು ಜೀವವು ಇನ್ನೊಂದು ಜೀವಕ್ಕೆ ಒಡೆಯನಲ್ಲವಾದ ಮೇಲೆ, ಆಗಲೇ ಹರಿಯ ಅಧೀನದಲ್ಲಿರುವ ಮಗಳನ್ನು ‘ಬಿಡಲು’ ತಂದೆತಾಯಿಗಳಿಗೆ ಅಧಿಕಾರವೆಲ್ಲಿಯದು? ತತ್ತ್ವ ಇಷ್ಟು ಸ್ಪಷ್ಟವಾಗಿದೆ. ಶಾಸ್ತ್ರ ಬಲ್ಲ ಮನೆತನಗಳು ಅದನ್ನು ಎಷ್ಟು ಗಟ್ಟಿಯಾಗಿ ಹೇಳಿದವು? ಅರ್ಚಕರ ಮನೆಯಲ್ಲಿ ಹುಟ್ಟಿದ ನಾನು ಈ ಪ್ರಶ್ನೆಯನ್ನು ಮೊದಲು ನನಗೇ ಕೇಳಿಕೊಳ್ಳುತ್ತೇನೆ. ನಾವು ಮೌನವಾಗಿದ್ದೆಡೆಯಲ್ಲಿ ಶಾಸನ ಮಾತನಾಡಿತು.

ಹಾಗೆಂದು ಧರ್ಮದ ವಿಷಯವೆಲ್ಲ ಸರಕಾರದ ಕೈಯಲ್ಲಿರಬೇಕೆಂದು ಅರ್ಥವಲ್ಲ. ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ ಕೊಟ್ಟ ತೀರ್ಪು ಇಡೀ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಧರ್ಮದಲ್ಲಿ ಯಾವುದು ಅವಶ್ಯಕವೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು. ಆಸ್ತಿಪಾಸ್ತಿಗಳ ಆಡಳಿತವನ್ನು ಮಾತ್ರ ಕಾನೂನು ನಿಯಂತ್ರಿಸಬಹುದು ಎಂಬುದು ಅದರ ಸಾರ. ಪೂಜೆ ಹೇಗೆಂಬುದನ್ನು ಶಾಸ್ತ್ರ ಹೇಳಲಿ. ಲೆಕ್ಕ ಸರಿಯಿದೆಯೇ ಎಂಬುದನ್ನು ಸರಕಾರ ನೋಡಲಿ.

ಈಗ ಇನ್ನೊಂದು ಕಾಲ ಬಂದಿದೆ. 2023ರ ಜೂನ್ 11ರಂದು ಮೊದಲಾದ ಶಕ್ತಿ ಯೋಜನೆಯಿಂದ ಬಡ ಹೆಣ್ಣುಮಕ್ಕಳಿಗೆ ಗುಡ್ಡದ ದಾರಿ ಸುಗಮವಾಯಿತು. ಇದು ಸಂತೋಷದ ಸಂಗತಿ. 2024ರಲ್ಲಿ ಯಲ್ಲಮ್ಮನ ಕ್ಷೇತ್ರಕ್ಕೆ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯೇ ಬಂದಿತು. ನೀರು, ನೆರಳು, ಶೌಚಾಲಯ, ವಸತಿ ಆಗಲೇಬೇಕು. ಲಕ್ಷಾಂತರ ಜನ ಕೂಡುವಲ್ಲಿ ಇವುಗಳೂ ದೇವರ ಸೇವೆಯೇ. ಆದರೆ ಪ್ರವಾಸಿ ಬೇರೆ, ಯಾತ್ರಿಕ ಬೇರೆ. ಪ್ರವಾಸಿಯು ನೋಡಲು ಬರುವನು. ಯಾತ್ರಿಕನು ಹರಕೆ ಹೊತ್ತು, ತನ್ನನ್ನು ಒಪ್ಪಿಸಿಕೊಳ್ಳಲು ಬರುವನು. ಕಿತ್ತೂರಿನಲ್ಲಿ 1824ರ ಚೆನ್ನಮ್ಮ ರಾಣಿಯ ವಿಜಯದ ನೆನಪಿಗೆ ಅಕ್ಟೋಬರ್ ತಿಂಗಳಿನಲ್ಲಿ ಸರಕಾರ ನಡೆಸುವ ಉತ್ಸವ ನಾಡಿನ ಅಭಿಮಾನಕ್ಕೆ ಬೇಕು. ಅದು ತಾರೀಖಿನಿಂದ ನಡೆಯುವುದು. ಜಾತ್ರೆ ತಿಥಿಯಿಂದ ನಡೆಯುವುದು. ಎರಡಕ್ಕೂ ಅವುಗಳದೇ ಸ್ಥಾನವಿದೆ. ಒಂದನ್ನು ಇನ್ನೊಂದಾಗಿ ಮಾಡಬಾರದು.

ಆದ್ದರಿಂದ ನಮ್ಮ ಕರ್ತವ್ಯವೇನು? ಬರುವ ಜಾತ್ರೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಸೇವೆಗೆ ನಿಲ್ಲಿರಿ. ದಣಿದು ಬಂದವರಿಗೆ ನೀರು ಕೊಡಿರಿ. ತಿಳಿಯದವರಿಗೆ ರೇಣುಕಾ-ಪರಶುರಾಮರ ಕಥೆ ಹೇಳಿರಿ. ಅನಾಚಾರ ಕಂಡರೆ ಕೈಕಟ್ಟಿ ನಿಲ್ಲಬೇಡಿರಿ. ಎಲೆ, ಹೂವು, ಹಣ್ಣು, ನೀರು ಇಷ್ಟನ್ನೇ ಭಕ್ತಿಯಿಂದ ಕೊಟ್ಟರೂ ಸ್ವೀಕರಿಸುವೆನೆಂದು ಗೀತಾಚಾರ್ಯನು ಹೇಳಿರುವಾಗ, ಅದಕ್ಕಿಂತ ಹೆಚ್ಚಿನ ಬೆಲೆಯನ್ನು ದೇವರ ಹೆಸರಿನಲ್ಲಿ ಯಾರೂ ಕೇಳದಂತೆ ಎಚ್ಚರವಹಿಸುವುದೇ ನಿಜವಾದ ಉತ್ಸವ.

॥ ಶ್ರೀ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣಾರ್ಪಣಮಸ್ತು ॥